ರಂಗನತಿಟ್ಟನ್ನು ಉಳಿಸಿದ ಸಲೀಂ ಅಲಿ ಮತ್ತು ಮಂಡ್ಯದವರ ಪಾಲಿಗೆ ಬಂದಿರುವ ಕೆಲಸ

ರಂಗನತಿಟ್ಟಿಗೆ ಹೋಗಿ ಬಂದವರಲ್ಲಿ ಹೆಚ್ಚಿನವರು ಅದನ್ನು ಕಾವೇರಿ ತಾನಾಗಿಯೇ ಕೊಟ್ಟ ವರ ಅಂದುಕೊಂಡಿರುತ್ತಾರೆ. ನಿಜ ಏನೆಂದರೆ, ಆ ತಿಟ್ಟುಗಳು ಹುಟ್ಟಿದ್ದು ಮನುಷ್ಯರು ನದಿಗೆ ಅಡ್ಡಲಾಗಿ ಕಟ್ಟಿದ ಒಂದು ಕಟ್ಟೆಯಿಂದ. ಅಲ್ಲಿನ ಹಕ್ಕಿಗಳಿಗೆ ರಕ್ಷಣೆ ಸಿಕ್ಕಿದ್ದು 1940ರಲ್ಲಿ ಮೈಸೂರು ಸಂಸ್ಥಾನ ಹೊರಡಿಸಿದ ಒಂದು ಆದೇಶದಿಂದ. ಆ ಆದೇಶ ಬಂದದ್ದು, ಬೊಂಬಾಯಿಯಿಂದ ಹಕ್ಕಿ ಲೆಕ್ಕ ಮಾಡಲು ಬಂದಿದ್ದ ಒಬ್ಬ ಮನುಷ್ಯ ಅರಸರನ್ನು ಒಪ್ಪಿಸಿದ್ದರಿಂದ. ಅವರು ಸಲೀಂ ಅಲಿ.

ನವೆಂಬರ್ 12 ಬಂತೆಂದರೆ ನಮ್ಮ ಫೋನುಗಳಲ್ಲಿ ಅವರ ಫೋಟೋ ಓಡಾಡುತ್ತೆ. ಬೈನಾಕ್ಯುಲರ್, ಬಿಳಿ ಗಡ್ಡ, ಭಾರತದ ಪಕ್ಷಿತಜ್ಞ ಎಂಬ ಒಂದು ಬಿರುದು. ಅಲ್ಲಿಗೆ ಮುಗೀತು. ಆದರೆ ಈ ಮನುಷ್ಯನ ಬದುಕನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯಿಂದ ಓದಿದರೆ ಅದು ಬರೀ ಹಕ್ಕಿಗಳ ಕತೆಯಾಗಿ ಉಳಿಯುವುದಿಲ್ಲ. ಕಾಡು, ಕೆರೆ, ಬೆಟ್ಟ ಯಾರ ಮಾತಿನಿಂದ ಉಳಿಯುತ್ತೆ? ಉಳಿಸುವಾಗ ಯಾರನ್ನು ಹೊರಗಿಡುತ್ತೇವೆ? ಅವರು ಗೆದ್ದ ಕಡೆಯಲ್ಲೂ ಸೋತ ಕಡೆಯಲ್ಲೂ ಇವೇ ಪ್ರಶ್ನೆಗಳಿವೆ. ಅದಕ್ಕೇ ಈ ಬದುಕನ್ನು ಮತ್ತೊಮ್ಮೆ ಹೇಳಬೇಕು ಅನ್ನಿಸಿತು.

ಆಟದ ಬಂದೂಕು, ಹಳದಿ ಕತ್ತಿನ ಗುಬ್ಬಿ

ಸಲೀಂ ಹುಟ್ಟಿದ್ದು 1896ರ ನವೆಂಬರ್ 12ರಂದು, ಬೊಂಬಾಯಿಯ ಸುಲೈಮಾನಿ ಬೋಹ್ರಾ ಮುಸ್ಲಿಂ ಕುಟುಂಬದಲ್ಲಿ. ಮನೆಯ ಕೊನೇ ಮಗು. ವರ್ಷ ತುಂಬುವ ಹೊತ್ತಿಗೆ ತಂದೆ ಇಲ್ಲ, ಮೂರು ವರ್ಷವಾಗುವಾಗ ತಾಯಿಯೂ ಇಲ್ಲ. ಮಕ್ಕಳನ್ನೆಲ್ಲ ಸಾಕಿದ್ದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ತ್ಯಾಬ್ಜಿಗಳದ್ದು ರಾಜಕೀಯವಾಗಿ ದೊಡ್ಡ ಹೆಸರಿನ ಮನೆತನ. ಕಾಂಗ್ರೆಸ್ಸಿನ ಮೂರನೇ ಅಧ್ಯಕ್ಷ ಬದ್ರುದ್ದೀನ್ ತ್ಯಾಬ್ಜಿ ಈ ವಂಶದವರು. ಉಪ್ಪಿನ ಸತ್ಯಾಗ್ರಹದಲ್ಲಿ ಗಾಂಧಿ ಬಂಧನವಾದ ಮೇಲೆ ಮುಂದಾಳತ್ವ ವಹಿಸಿ ಜೈಲಿಗೆ ಹೋದ ಅಬ್ಬಾಸ್ ತ್ಯಾಬ್ಜಿ ಕೂಡ ಇದೇ ಬಂಧುಬಳಗದವರು.

ಹುಡುಗ ಸಲೀಂಗೆ ಇದ್ದದ್ದು ಬೇಟೆಯ ಹುಚ್ಚು. ಮಾವ ಕೊಟ್ಟ ಆಟದ ಏರ್‌ಗನ್‌ನಿಂದ ಗುಬ್ಬಿ ಹೊಡೆಯುತ್ತಿದ್ದ. ಒಂದು ದಿನ ಬಿದ್ದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದೇನು ಹಕ್ಕಿ ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅದನ್ನು ಹಿಡಿದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. 1883ರಲ್ಲಿ ಶುರುವಾದ ಆ ಸಂಸ್ಥೆಯ ಕಾರ್ಯದರ್ಶಿ ಆಗ ಡಬ್ಲ್ಯು.ಎಸ್. ಮಿಲ್ಲಾರ್ಡ್ ಎಂಬ ಆಂಗ್ಲರು. ಅವರು ಹಕ್ಕಿಯ ಹೆಸರು ಹೇಳಿದ್ದಷ್ಟೇ ಅಲ್ಲ, ಹುಡುಗನನ್ನು ಒಳಗೆ ಕರೆದುಕೊಂಡು ಹೋಗಿ, ಒಂದೊಂದೇ ಡ್ರಾಯರ್ ಎಳೆದು ತುಂಬಿಟ್ಟಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು, ಓದಲು ಪುಸ್ತಕ ಕೊಟ್ಟರು, ಹಕ್ಕಿಯ ಚರ್ಮ ಬಿಡಿಸಿ ಕಾಪಿಡುವುದನ್ನು ಕಲಿಸಿಕೊಟ್ಟರು.

ನಾನು ಈ ಘಟನೆಯನ್ನು ದೊಡ್ಡದು ಅಂದುಕೊಳ್ಳುವುದಕ್ಕೆ ಕಾರಣ ಇದೆ. ವಸಾಹತು ಕಾಲದ ಆ ಸಂಸ್ಥೆಯ ಬಾಗಿಲಲ್ಲಿ ನಿಂತಿದ್ದವನು ಒಬ್ಬ ಭಾರತೀಯ ಹುಡುಗ. ಅವನನ್ನು ಯಾರೂ ಬಾಗಿಲಲ್ಲೇ ವಾಪಸ್ ಕಳಿಸಲಿಲ್ಲ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇವತ್ತು ಹತ್ತು ವರ್ಷದ ಮಗುವೊಂದು ಸತ್ತ ಹಕ್ಕಿ ಹಿಡಿದುಕೊಂಡು ಇದರ ಹೆಸರೇನು ಅಂತ ಕೇಳಲು ಹೋಗಬಹುದಾದ ಜಾಗ ಯಾವುದು?

ಡಿಗ್ರಿ ಇಲ್ಲದವನಿಗೆ ಕೆಲಸ ಇಲ್ಲ

ಕಾಲೇಜು ಓದು ಸಲೀಂಗೆ ಒಗ್ಗಲಿಲ್ಲ. ಅರ್ಧಕ್ಕೇ ಬಿಟ್ಟು ಬರ್ಮಾದಲ್ಲಿ ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಹೋದರು. ಅಲ್ಲಿ ವ್ಯಾಪಾರಕ್ಕಿಂತ ಕಾಡು ಸುತ್ತಿದ್ದೇ ಹೆಚ್ಚು. 1917ರಲ್ಲಿ ವಾಪಸ್ ಬಂದು ಬೊಂಬಾಯಿಯಲ್ಲಿ ವಾಣಿಜ್ಯದ ಪಾಠಗಳ ಜೊತೆಗೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿತರು. 1918ರಲ್ಲಿ ತೆಹ್ಮಿನಾ ಅವರೊಂದಿಗೆ ಮದುವೆಯಾಯಿತು. ಜುವಾಲಾಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿ ಪಕ್ಷಿತಜ್ಞನ ಹುದ್ದೆ ಖಾಲಿ ಇತ್ತು. ವಿಶ್ವವಿದ್ಯಾಲಯದ ಪದವಿ ಇಲ್ಲ ಅನ್ನೋ ಕಾರಣಕ್ಕೆ ಸಿಗಲಿಲ್ಲ. ಕೊನೆಗೆ 1926ರಲ್ಲಿ ಬೊಂಬಾಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು. ತಿಂಗಳಿಗೆ 350 ರೂಪಾಯಿ ಸಂಬಳ.

ಎರಡು ವರ್ಷದಲ್ಲಿ ರಜೆ ಹಾಕಿ ಬರ್ಲಿನ್‌ಗೆ ಹೋದರು. ಅಲ್ಲಿನ ಪ್ರಾಣಿಶಾಸ್ತ್ರ ಮ್ಯೂಸಿಯಂನಲ್ಲಿದ್ದ ಎರ್ವಿನ್ ಸ್ಟ್ರೆಸೆಮಾನ್ ಅವರನ್ನು ಸಲೀಂ ಜೀವನಪೂರ್ತಿ ಗುರು ಅಂತಲೇ ಕಂಡರು. ಸತ್ತ ಹಕ್ಕಿಯ ರೆಕ್ಕೆ ಅಳೆಯುವುದಷ್ಟೇ ಪಕ್ಷಿಶಾಸ್ತ್ರ ಅಲ್ಲ, ಬದುಕಿರುವ ಹಕ್ಕಿ ಏನು ಮಾಡುತ್ತೆ, ಯಾಕೆ ಮಾಡುತ್ತೆ ಅನ್ನೋದನ್ನು ಕೂತು ನೋಡಬೇಕು ಎಂಬ ಹೊಸ ದಾರಿ ಅಲ್ಲಿ ಸಿಕ್ಕಿತು. 1930ರಲ್ಲಿ ಊರಿಗೆ ಬಂದು ನೋಡಿದರೆ ಹಣವಿಲ್ಲವೆಂದು ಮ್ಯೂಸಿಯಂ ಅವರ ಹುದ್ದೆಯನ್ನೇ ತೆಗೆದುಹಾಕಿತ್ತು.

ಮೂವತ್ತು ದಾಟಿದ ಗಂಡಸು, ಮದುವೆಯಾಗಿದೆ, ಕೆಲಸ ಇಲ್ಲ. ಗಂಡಹೆಂಡತಿ ಬೊಂಬಾಯಿ ಎದುರಿನ ಕರಾವಳಿಯ ಕಿಹೀಂ ಎಂಬ ಹಳ್ಳಿಗೆ ಹೋಗಿ ಉಳಿದರು. ಮನೆಯ ಹತ್ತಿರದ ಮರಗಳಲ್ಲಿ ಗೀಜಗನ ಗೂಡುಗಳಿದ್ದವು. ಸಲೀಂ ದಿನವೂ ಅವುಗಳ ಎದುರು ಕೂತರು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತೆ. ಹೆಣ್ಣುಗಳು ಬಂದು ಒಳಗೆಲ್ಲ ನೋಡಿ, ಒಪ್ಪಿಗೆಯಾದರೆ ಮಾತ್ರ ಉಳಿಯುತ್ತವೆ. ಒಪ್ಪಿದ ಮೇಲೆ ಗೂಡು ಪೂರ್ತಿಯಾಗುತ್ತೆ. ಹೆಣ್ಣು ಮೊಟ್ಟೆಯಿಟ್ಟು ಕೂತ ಮೇಲೆ ಗಂಡು ಮತ್ತೊಂದು ಗೂಡಿಗೆ ಕೈ ಹಾಕಿ, ಮತ್ತೊಬ್ಬಳನ್ನು ಕರೆಯುತ್ತೆ. ನಮ್ಮ ಬಾವಿ ದಂಡೆಯ ಮರಗಳಲ್ಲಿ ತಲೆತಲಾಂತರದಿಂದ ನಡೆಯುತ್ತಿರುವ ಸಂಸಾರ ಇದು. ಅದನ್ನು ಶಾಸ್ತ್ರೀಯವಾಗಿ ಬರೆದಿಟ್ಟವರು ಸಲೀಂ ಅಲಿ. ಆ ಲೇಖನವೇ ಅವರಿಗೆ ವಿಜ್ಞಾನ ಲೋಕದಲ್ಲಿ ಹೆಸರು ತಂದುಕೊಟ್ಟಿತು.

ಸಂಸ್ಥಾನಗಳ ಬಾಗಿಲು ತಟ್ಟಿದ್ದು

ಆಮೇಲೆ ಅವರು ಹಿಡಿದ ದಾರಿ ವಿಚಿತ್ರವಾದದ್ದು. ದೇಶದ ಎಷ್ಟೋ ಭಾಗಗಳಲ್ಲಿ ಯಾವ ಹಕ್ಕಿ ಎಲ್ಲಿದೆ ಅನ್ನೋ ಲೆಕ್ಕವೇ ಇರಲಿಲ್ಲ. ಸಲೀಂ ಸಂಸ್ಥಾನಗಳನ್ನು ಕೇಳಿದರು: ಓಡಾಟ, ಊಟ, ಡೇರೆ, ಆಳುಗಳ ಖರ್ಚು ನೀವು ನೋಡಿಕೊಳ್ಳಿ, ನನಗೆ ಸಂಬಳ ಬೇಡ, ಹಕ್ಕಿಗಳ ಸಮೀಕ್ಷೆ ಮಾಡಿಕೊಡ್ತೀನಿ. ಮೊದಲು ಹೈದರಾಬಾದ್, ಆಮೇಲೆ ಕೊಚ್ಚಿ, ತಿರುವಾಂಕೂರು, ಇಂದೋರ್, ಭೋಪಾಲ್, ಗ್ವಾಲಿಯರ್. ಈ ಸಮೀಕ್ಷೆಗಳ ಬೆನ್ನಿಗೆ ಹ್ಯೂ ವಿಸ್ಲರ್ ಎಂಬ ಆಂಗ್ಲ ಪಕ್ಷಿತಜ್ಞರ ಸಲಹೆ ಇತ್ತು. ಜೊತೆಗೆ ತೆಹ್ಮಿನಾ ಇದ್ದರು. ಡೇರೆಯ ಸಂಸಾರ, ಎತ್ತಿನ ಗಾಡಿಯ ಓಡಾಟ ಎಲ್ಲದಕ್ಕೂ ಹೆಗಲು ಕೊಟ್ಟವರು ಅವರು.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೆಹ್ಮಿನಾ ತೀರಿಕೊಂಡರು. ಸಲೀಂ ಮತ್ತೆ ಮದುವೆಯಾಗಲಿಲ್ಲ. ಅಕ್ಕ ಮತ್ತು ಭಾವನ ಮನೆಯಲ್ಲಿ ಉಳಿದರು. ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು ಈ ದುಃಖದ ಬೆನ್ನಲ್ಲೇ, 1939–40ರಲ್ಲಿ. ಅದರ ವರದಿ 1942–43ರಲ್ಲಿ ಸೊಸೈಟಿಯ ಜರ್ನಲ್‌ನಲ್ಲಿ ಕಂತುಗಳಾಗಿ ಬಂತು. ಹಳೇ ಮೈಸೂರಿನ ಹಕ್ಕಿಗಳ ಬಗ್ಗೆ ಗಂಭೀರವಾಗಿ ಕೆಲಸ ಮಾಡುವವರು ಇವತ್ತಿಗೂ ಆ ವರದಿಗೆ ಹೋಗಬೇಕಾಗುತ್ತೆ.

ಕಟ್ಟೆ ಕಟ್ಟಿದ್ದು ನೀರಿಗೆ, ಬಂದದ್ದು ಹಕ್ಕಿ

ಈಗ ಶ್ರೀರಂಗಪಟ್ಟಣಕ್ಕೆ ಬರೋಣ. ಪಟ್ಟಣದಿಂದ ಮೂರ್ನಾಲ್ಕು ಕಿ.ಮೀ. ದೂರದಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಹಳೇ ಕಟ್ಟೆ. 1645ರಿಂದ 1648ರ ನಡುವೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಕಟ್ಟಿದ್ದು ಅಂತ ಹೇಳುತ್ತಾರೆ. ಕಟ್ಟೆಯಿಂದ ನೀರು ಹರಡಿಕೊಂಡು ನದಿಯ ನಡುವೆ ಇಪ್ಪತ್ತೈದರಷ್ಟು ತಿಟ್ಟುಗಳಾದವು. ಎಲ್ಲ ಸೇರಿ ಸುಮಾರು 40 ಎಕರೆ. ಸುತ್ತ ನೀರು, ನೀರಲ್ಲಿ ಮೊಸಳೆ. ನರಿ, ನಾಯಿ, ಕಾಡುಬೆಕ್ಕು ದಾಟಿ ಬರೋದು ಕಷ್ಟ. ಗೂಡು ಕಟ್ಟುವ ಹಕ್ಕಿಗೆ ಇದಕ್ಕಿಂತ ಇನ್ನೇನು ಬೇಕು? ಮೀನಿಗೆ ನದಿ ಇದೆ. ಹುಳು, ಕಪ್ಪೆ, ಬಸವನಹುಳುವಿಗೆ ನಾಲೆಗಳ ಕೆಳಗಿನ ಗದ್ದೆ ಇದೆ. ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಹೆಜ್ಜಾರ್ಲೆ ಎಲ್ಲಕ್ಕೂ ಒಂದೇ ಕಡೆ ಅನ್ನವೂ ಸಿಕ್ಕಿತು, ಆಸರೆಯೂ ಸಿಕ್ಕಿತು.

ಸಮೀಕ್ಷೆಗೆ ಬಂದ ಸಲೀಂ ಅಲಿ ಗುರುತಿಸಿದ್ದು ಇದನ್ನೇ. ಇದು ಹಕ್ಕಿಗಳು ಸುಮ್ಮನೆ ಬಂದುಹೋಗುವ ಜಾಗವಲ್ಲ, ಸಂತಾನ ಬೆಳೆಸುವ ಜಾಗ, ಕೈಬಿಟ್ಟರೆ ಇಂಥದ್ದು ಮತ್ತೆ ಸಿಗಲ್ಲ ಅನ್ನೋದನ್ನು ಅರಸರಿಗೆ ಮನವರಿಕೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ವರ್ಷ ಗಮನಿಸಿ. ಅತ್ತ ಮಹಾಯುದ್ಧ ನಡೀತಿದೆ. ಇತ್ತ ಅದೇ ಆಗಸ್ಟ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದಿದ್ದಾರೆ. ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರಲು ಇನ್ನೂ 32 ವರ್ಷ ಇದೆ.

ಅದಕ್ಕೆ ಎರಡು ವರ್ಷ ಮುಂಚೆ, 1938ರ ನವೆಂಬರ್ 12ರಂದು, ರಾಜಸ್ಥಾನದ ಭರತಪುರದಲ್ಲಿ ಏನಾಯ್ತು ಅಂತ ನೋಡಿದರೆ ರಂಗನತಿಟ್ಟಿನ ಆದೇಶದ ಬೆಲೆ ಗೊತ್ತಾಗುತ್ತೆ. ಅಲ್ಲಿನ ಮಹಾರಾಜರು ವೈಸ್‌ರಾಯ್ ಲಿನ್‌ಲಿತ್‌ಗೋಗಾಗಿ ಏರ್ಪಡಿಸಿದ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದರು. ಆ ದಿನ ಸಲೀಂ ಅಲಿಗೆ 42 ತುಂಬಿತ್ತು. ದೊಡ್ಡವರನ್ನು ಮೆಚ್ಚಿಸಲು ಹಕ್ಕಿ ಹೊಡೆಯುತ್ತಿದ್ದ ಕಾಲದಲ್ಲಿ ಒಬ್ಬ ಪದವಿಯಿಲ್ಲದ ಮನುಷ್ಯ ಒಂದು ಸಂಸ್ಥಾನವನ್ನು ಒಪ್ಪಿಸಿ ಹಕ್ಕಿಗಳಿಗಾಗಿ ನದಿಯ ತುಂಡೊಂದನ್ನು ಬಿಡಿಸಿಕೊಂಡರು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ರಂಗನಾಥನ ಹೆಸರಿನ ತಿಟ್ಟನ್ನು ಉಳಿಸಿದವರು ಒಬ್ಬ ಮುಸ್ಲಿಂ ವಿಜ್ಞಾನಿ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಬಾರದಿತ್ತು. ಆದರೆ ಶ್ರೀರಂಗಪಟ್ಟಣದ ಹೆಸರು ಸುದ್ದಿಯಲ್ಲಿ ಬರೋದೇ ಮಂದಿರ–ಮಸೀದಿ ಜಗಳಕ್ಕೆ ಅನ್ನೋ ಹಾಗೆ ಆಗಿರುವಾಗ, 2024ರ ಸೆಪ್ಟೆಂಬರ್‌ನಲ್ಲಿ ಗಣೇಶನ ಮೆರವಣಿಗೆ ವೇಳೆ ನಾಗಮಂಗಲದಲ್ಲಿ ಅಂಗಡಿಗಳು ಹೊತ್ತಿ ಉರಿದದ್ದನ್ನು ನೋಡಿರುವಾಗ, ಈ ಸಾಮಾನ್ಯ ಸಂಗತಿಯನ್ನೂ ಬಿಡಿಸಿ ಹೇಳಬೇಕಾಗಿದೆ. ಈ ಜಿಲ್ಲೆಯ ಹೆಮ್ಮೆಯ ಪಟ್ಟಿಯಲ್ಲಿ ಯಾರ್ಯಾರ ದುಡಿಮೆ ಸೇರಿದೆ ಅನ್ನೋದು ಇಲ್ಲಿನ ಮಕ್ಕಳಿಗೆ ಗೊತ್ತಿರಬೇಕು.

ಪುಸ್ತಕ, ಮೋಟಾರ್‌ಸೈಕಲ್, ಮಂಗನ ಕಾಯಿಲೆ

1941ರಲ್ಲಿ ಅವರ ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್ ಬಂತು. ಹಕ್ಕಿ ನೋಡುವುದು ಸಾಹೇಬರ ಹವ್ಯಾಸ ಅಂತಿದ್ದ ಕಾಲದಲ್ಲಿ ಸಾಮಾನ್ಯ ಓದುಗ ಕೈಯಲ್ಲಿ ಹಿಡಿದು ಹಕ್ಕಿ ಗುರುತಿಸಬಹುದಾದ ಪುಸ್ತಕ ಅದು. ಮುಂದೆ ಅಮೆರಿಕದ ಎಸ್. ಡಿಲನ್ ರಿಪ್ಲಿ ಜೊತೆ ಸೇರಿ 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಹ್ಯಾಂಡ್‌ಬುಕ್ ತಂದರು. ದೇಶ ಎರಡಾಗಿತ್ತು. ಹಕ್ಕಿಗಳ ಲೆಕ್ಕದ ಪುಸ್ತಕ ಮಾತ್ರ ಒಂದೇ ಆಗಿ ಬಂತು. ಕನ್ನಡದಲ್ಲಿ ಹಕ್ಕಿಗಳನ್ನು ನಮ್ಮ ಹೆಸರುಗಳಲ್ಲೇ ಗುರುತಿಸೋದನ್ನು ನನ್ನಂಥ ಎಷ್ಟೋ ಜನಕ್ಕೆ ಕಲಿಸಿದವರು ಪೂರ್ಣಚಂದ್ರ ತೇಜಸ್ವಿ. ಆ ಹಾದಿಯನ್ನು ಇಡೀ ದೇಶಕ್ಕೆ ಮೊದಲು ಸವೆಸಿಕೊಟ್ಟವರು ಸಲೀಂ ಅಲಿ.

ಮನುಷ್ಯ ಋಷಿಯೇನಲ್ಲ. ಮೋಟಾರ್‌ಸೈಕಲ್ ಅಂದರೆ ಪ್ರಾಣ. 1950ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ನಡೆದ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಹಾಕಿಸಿಕೊಂಡು ಹೋಗಿ, ಯುರೋಪಿನ ರಸ್ತೆಗಳಲ್ಲಿ ಓಡಿಸಿದರು. ಆಗ ಅವರ ವಯಸ್ಸು 53. ಅಧ್ಯಯನಕ್ಕೆ ಹಕ್ಕಿಗಳನ್ನು ಹೊಡೆದು ಸಂಗ್ರಹಿಸುವುದನ್ನು ಅವರು ಅಗತ್ಯ ಅಂತಲೇ ನಂಬಿದ್ದರು. ಇವತ್ತಿನ ಕಣ್ಣಿಗೆ ಅದು ಮುಜುಗರ ಅನ್ನಿಸಬಹುದು, ಆದರೆ ಮುಚ್ಚಿಡಬೇಕಾದ ವಿಷಯವೇನಲ್ಲ.

ಕರ್ನಾಟಕದ ಜೊತೆ ಅವರಿಗೆ ಮತ್ತೊಂದು ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಅದರ ವೈರಸ್ಸು ರಷ್ಯಾ ಕಡೆಯ ಒಂದು ವೈರಸ್ಸಿಗೆ ಹತ್ತಿರದ್ದು ಅಂತ ಗೊತ್ತಾದಾಗ, ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಅದನ್ನು ಹೊತ್ತು ತಂದಿರಬಹುದೇ ಅನ್ನೋ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ವಲಸೆ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಯೋಜನೆ ನಡೆಸಿದರು. ಮುಂದೆ ಇದಕ್ಕೆ ಅಮೆರಿಕದ ಸೇನೆಗೆ ಸೇರಿದ ಸಂಶೋಧನಾ ಹಣವೂ ಬಂತು. ಅದು ಜೈವಿಕ ಯುದ್ಧಕ್ಕೆ ಸಂಬಂಧಿಸಿದ್ದೇ ಎಂಬ ಪ್ರಶ್ನೆ 1970ರ ದಶಕದಲ್ಲಿ ಸಂಸತ್ತಿನವರೆಗೂ ಹೋಯಿತು. ವಿಜ್ಞಾನಕ್ಕೆ ಹಣ ಎಲ್ಲಿಂದ ಬರುತ್ತೆ ಅಂತ ಕೇಳೋದು ತಪ್ಪಲ್ಲ. ದೇಶದೊಳಗೆ ಹಕ್ಕಿ ಅಧ್ಯಯನಕ್ಕೆ ಹಣ ಎಷ್ಟಿತ್ತು ಅಂತಲೂ ಜೊತೆಗೇ ಕೇಳಬೇಕು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೇ ಮುಚ್ಚುವ ಸ್ಥಿತಿಗೆ ಬಂದಿತ್ತು. ಸಲೀಂ ಅಲಿ ನೆಹರೂ ಅವರಿಗೆ ಪತ್ರ ಬರೆದು ನೆರವು ತಂದದ್ದರಿಂದ ಅದು ಉಳಿಯಿತು.

ಭರತಪುರ ಕಲಿಸಿದ್ದು

ಅವರು ಸೋತ ಕಡೆಯನ್ನೂ ಹೇಳದೆ ಈ ಬದುಕಿನ ಕತೆ ಪೂರ್ತಿಯಾಗುವುದಿಲ್ಲ.

ವೈಸ್‌ರಾಯ್ ಬೇಟೆಯಾಡಿದ್ದ ಅದೇ ಭರತಪುರದ ಜೌಗು ಪ್ರದೇಶವನ್ನು ಸ್ವಾತಂತ್ರ್ಯದ ನಂತರ ಬತ್ತಿಸಿ ಹೊಲ ಮಾಡಬೇಕು ಅನ್ನೋ ಒತ್ತಾಯ ಇತ್ತು. ಸಲೀಂ ಅಲಿ ಮತ್ತೆ ನೆಹರೂ ಮೊರೆಹೋಗಿ ಅದನ್ನು ತಡೆದರು. 1980ರ ದಶಕದ ಆರಂಭದಲ್ಲಿ ಅದು ಕೇವಲಾದೇವ್ ರಾಷ್ಟ್ರೀಯ ಉದ್ಯಾನವಾಯಿತು. ಆಗ ಸುತ್ತಲ ಹಳ್ಳಿಗಳ ಎಮ್ಮೆ ದನಗಳನ್ನು ಒಳಗೆ ಬಿಡಬಾರದು ಅಂತ ಸರ್ಕಾರ ಮೇವು ನಿಲ್ಲಿಸಿತು. ಮೇವು ನಿಲ್ಲಬೇಕು ಅಂದವರಲ್ಲಿ ಸಲೀಂ ಅಲಿಯೂ ಒಬ್ಬರು. ತಲೆಮಾರುಗಳಿಂದ ಅಲ್ಲಿ ದನ ಮೇಯಿಸಿದವರಿಗೆ ಬದಲಿ ದಾರಿ ಇರಲಿಲ್ಲ. 1982ರಲ್ಲಿ ಪ್ರತಿಭಟನೆ ಆಯಿತು, ಪೊಲೀಸರು ಗುಂಡು ಹಾರಿಸಿದರು, ಹಳ್ಳಿಗರು ಸತ್ತರು.

ಮುಂದೆ ಆದದ್ದು ಇನ್ನೂ ಕಹಿ. ಎಮ್ಮೆಗಳು ಹೋದ ಮೇಲೆ ನೀರಿನಲ್ಲಿ ಜೊಂಡುಹುಲ್ಲು ಬೇಕಾಬಿಟ್ಟಿ ಬೆಳೆದು ಜೌಗನ್ನೇ ಮುಚ್ಚಿತು. ಮೀನಿಗೂ ಜಾಗ ಇಲ್ಲ, ಹಕ್ಕಿಗೂ ಜಾಗ ಇಲ್ಲ. ಎಮ್ಮೆ ಮೇಯುತ್ತಿದ್ದದ್ದು ಆ ಕೆರೆಯ ಆರೋಗ್ಯಕ್ಕೇ ಬೇಕಿತ್ತು ಅನ್ನೋದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದು ಬೇರೆ ಯಾರೂ ಅಲ್ಲ, ಸಲೀಂ ಅಲಿ ಜೀವಮಾನವಿಡೀ ಕಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೇ.

ಗೀಜಗನ ಗೂಡಿನ ಎದುರು ತಿಂಗಳುಗಟ್ಟಲೆ ಕೂತ ಮನುಷ್ಯನಿಗೆ ಎಮ್ಮೆಗೂ ಕೊಕ್ಕರೆಗೂ ಇರುವ ನಂಟು ಯಾಕೆ ಕಾಣಲಿಲ್ಲ? ನನಗೆ ಅನ್ನಿಸೋದು ಇಷ್ಟು: ಅವರು ಕೆಲಸ ಮಾಡಿಸಿಕೊಂಡದ್ದು ಯಾವಾಗಲೂ ಮೇಲಿನವರಿಂದ. ಅರಸರು, ಪ್ರಧಾನಿ, ಕಾರ್ಯದರ್ಶಿ. ಆ ದಾರಿ ಬೇಗ ತಲುಪಿಸುತ್ತೆ. ಆದರೆ ಆ ದಾರಿಯಲ್ಲಿ ದನ ಕಾಯುವವನು ಎದುರಾಗುವುದೇ ಇಲ್ಲ. ನಮ್ಮ ಜಿಲ್ಲೆಯದ್ದೇ ಆದ ಕೊಕ್ಕರೆ ಬೆಳ್ಳೂರು ಇನ್ನೊಂದು ದಾರಿ ತೋರಿಸುತ್ತೆ. ಮದ್ದೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆಯ ಗೊಬ್ಬರ ಹೊಲಕ್ಕೆ ಹೋಗುತ್ತೆ. ಬಾಣಂತನಕ್ಕೆ ಬಂದ ಮಗಳನ್ನು ನೋಡಿಕೊಂಡ ಹಾಗೆ ಊರವರು ಆ ಹಕ್ಕಿಗಳನ್ನು ನೋಡಿಕೊಂಡು ಬಂದಿದ್ದಾರೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದ್ದು ಊರವರು ಆಗಲೇ ಮಾಡುತ್ತಿದ್ದ ಕೆಲಸಕ್ಕೆ ಕಾಗದದ ಮುದ್ರೆ ಒತ್ತಿದ ಹಾಗೆ.

ಹಾಗಂತ ಆದೇಶ ಬೇಡ, ಜನರ ಪ್ರೀತಿಯೊಂದೇ ಸಾಕು ಅಂತ ನಾನು ಹೇಳ್ತಿಲ್ಲ. 1940ರ ಆದೇಶ ಇಲ್ಲದಿದ್ದರೆ ರಂಗನತಿಟ್ಟಿನ ಮರಗಳು ಎಂದೋ ಸೌದೆಯಾಗುತ್ತಿದ್ದವೇನೋ. ಕಾಗದವೂ ಬೇಕು, ಊರೂ ಬೇಕು. ಸಲೀಂ ಅಲಿ ಕಾಗದ ತಂದುಕೊಟ್ಟರು. ಊರನ್ನು ತರುವುದು ನಮ್ಮ ಪಾಲಿಗೆ ಉಳಿದಿದೆ.

ನವಿಲಿಗೆ ಪಟ್ಟ, ಹೆಬ್ಬಕಕ್ಕೆ ಬಯಲೂ ಇಲ್ಲ

ರಾಷ್ಟ್ರಪಕ್ಷಿ ಯಾವುದಾಗಬೇಕು ಅನ್ನೋ ಚರ್ಚೆ ನಡೆದಾಗ ಸಲೀಂ ಅಲಿ ಒಲವು ಇದ್ದದ್ದು ಹೆಬ್ಬಕದ ಕಡೆ. ನಮ್ಮ ಕಡೆ ಎರೆಭೂತ ಅಂತಲೂ ಕರೆಯುವ, ಬಯಲು ಸೀಮೆಯ ಹುಲ್ಲುಗಾವಲಿನ ದೊಡ್ಡ ಹಕ್ಕಿ. 1963ರಲ್ಲಿ ಆಯ್ಕೆಯಾದದ್ದು ನವಿಲು. ನವಿಲಿಗೆ ರಕ್ಷಣೆ ಸಿಕ್ಕಿತು, ಪೂಜೆಯೂ ಸಿಕ್ಕಿತು. 1981ರಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನವಿಲುಧಾಮವೇ ಆಯಿತು. ವಿಸ್ತೀರ್ಣ ಒಂದು ಚದರ ಕಿ.ಮೀ.ಗೂ ಕಡಿಮೆ, ಆದರೂ ಧಾಮ. ಹೆಬ್ಬಕ ಮಾತ್ರ ಇವತ್ತು ಇಡೀ ದೇಶದಲ್ಲಿ 200ಕ್ಕೂ ಕಡಿಮೆ ಉಳಿದಿದೆ ಅಂತ ಅಂದಾಜು. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು. ಹುಲ್ಲುಗಾವಲು ಅಂದರೆ ಖಾಲಿ ಜಾಗ, ಅಲ್ಲಿ ಏನು ಬೇಕಾದರೂ ಮಾಡಬಹುದು ಅನ್ನೋ ನಮ್ಮ ಸರ್ಕಾರಿ ಬುದ್ಧಿಗೆ ಬಲಿಯಾದ ಹಕ್ಕಿ ಅದು.

ಇದೇ ಬುದ್ಧಿ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಬೆಟ್ಟಗುಡ್ಡಗಳ ಮೇಲೂ ಕೆಲಸ ಮಾಡುತ್ತೆ. ಮೇಲುಕೋಟೆ ವನ್ಯಜೀವಿ ಧಾಮ ಆದದ್ದು 1974ರಲ್ಲಿ, ಮುಖ್ಯವಾಗಿ ತೋಳಗಳಿಗಾಗಿ. ಸುಮಾರು 50 ಚದರ ಕಿ.ಮೀ. ಕುರುಚಲು ಕಾಡು ಮತ್ತು ಬಂಡೆ. ದೂರದಿಂದ ನೋಡಿದವರಿಗೆ ಬೋಳು ಗುಡ್ಡ. ತೋಳಕ್ಕೆ, ಚಿರತೆಗೆ, ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗಳಿಗೆ ಅದೇ ಮನೆ. ಕುರಿ ಕಾಯುವವರಿಗೂ ಅದೇ ಬದುಕು. ಮೇಲುಕೋಟೆ ಅಂದರೆ ವೈರಮುಡಿ, ಪುಳಿಯೋಗರೆ ಅಂತ ಎಲ್ಲರಿಗೂ ಗೊತ್ತು. ತೋಳಕ್ಕಾಗಿ ಮೀಸಲಿಟ್ಟ ನೆಲ ಅಂತ ಎಷ್ಟು ಜನಕ್ಕೆ ಗೊತ್ತಿದೆ?

ಈಗ ಯಾರು ಕೇಳಬೇಕು?

ರಂಗನತಿಟ್ಟಿಗೆ 2022ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಕರ್ನಾಟಕದ ಮೊದಲ ರಾಮ್ಸಾರ್ ತಾಣ. 225ಕ್ಕೂ ಹೆಚ್ಚು ಬಗೆಯ ಹಕ್ಕಿ, 69 ಬಗೆಯ ಮೀನು, ನೀರುನಾಯಿ, ಮೊಸಳೆ ಎಲ್ಲ ಆ ಲೆಕ್ಕದಲ್ಲಿವೆ. ಆದರೆ ಅಲ್ಲಿನ ಗೂಡುಗಳ ಹಣೆಬರಹ ಇರುವುದು ಕೆಲವೇ ಕಿ.ಮೀ. ಮೇಲಿನ ಕೆಆರ್‌ಎಸ್‌ನಲ್ಲಿ. ಅಣೆಕಟ್ಟೆ 124.80 ಅಡಿ ಮುಟ್ಟಿದರೆ ಮಂಡ್ಯದ ರೈತನಿಗೆ ಹಬ್ಬ. ಗೇಟು ತೆಗೆದು ಒಮ್ಮೆಗೇ ಭಾರೀ ನೀರು ಬಿಟ್ಟರೆ ಗೂಡಿನ ಕಾಲದಲ್ಲಿ ತಿಟ್ಟುಗಳು ಮುಳುಗುತ್ತವೆ. 2018, 2019ರ ಪ್ರವಾಹಗಳಲ್ಲಿ ತಿಟ್ಟುಗಳೇ ಕೊಚ್ಚಿ ಹಾಳಾಗಿ, ಮರಳಿನ ಮೂಟೆ ಪೇರಿಸಿ ಸರಿಮಾಡಬೇಕಾಯಿತು. ನೀರು ತೀರಾ ಬತ್ತಿದರೂ ಕಷ್ಟ, ನಾಯಿ ನರಿ ನಡೆದೇ ದಾಟುತ್ತವೆ. ಕಾವೇರಿ ನೀರಿನ ಜಗಳದಲ್ಲಿ ಎರಡು ರಾಜ್ಯಗಳ ರೈತರ ಹೆಸರು ಬರುತ್ತೆ, ಬೆಂಗಳೂರಿನ ಹೆಸರು ಬರುತ್ತೆ. ನದಿಯಲ್ಲೇ ಮನೆ ಮಾಡಿಕೊಂಡವರ ಹೆಸರು ಬರುವುದಿಲ್ಲ.

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ವಿರುದ್ಧ ರೈತರು ವರ್ಷಗಟ್ಟಲೆ ಹೋರಾಡಿದ್ದು ಅಣೆಕಟ್ಟೆಗೆ ಅಪಾಯ ಅನ್ನೋ ಕಾರಣಕ್ಕೆ. 2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಣೆಕಟ್ಟೆ ಉಳಿಸಲು ನಿಂತ ರೈತರು ತಮಗೆ ಅರಿವಿಲ್ಲದೆಯೇ ಬೆಟ್ಟದ ಚಿರತೆಗೂ ಕೆಳಗಿನ ಕೊಕ್ಕರೆಗೂ ವಕಾಲತ್ತು ವಹಿಸಿದರು. ನನ್ನ ಪ್ರಕಾರ ಈ ಜಿಲ್ಲೆಯ ಪರಿಸರ ರಾಜಕಾರಣ ಶುರುವಾಗಬೇಕಾದದ್ದು ಇಲ್ಲಿಂದ. ಹಕ್ಕಿಯ ಪರ ಇರುವವರು, ರೈತರ ಪರ ಇರುವವರು ಅಂತ ಎರಡು ಪಂಗಡ ಮಾಡಿಕೊಂಡರೆ ಲಾಭ ಕ್ರಷರ್ ಮಾಲೀಕರಿಗೆ. ಕಬ್ಬಿನ ಗದ್ದೆಯಲ್ಲಿ ಮರಿ ಹಾಕುವ ಚಿರತೆ, ರಾಗಿ ತಿನ್ನುವ ನವಿಲು ರೈತನಿಗೆ ಕೊಡುವ ಕಾಟ ನಿಜ. ಪರಿಹಾರ ಸಕಾಲಕ್ಕೆ ಸಿಗಬೇಕು ಅನ್ನೋದನ್ನು ಕಾಡಿನ ಪರ ಮಾತಾಡುವವರೇ ಮೊದಲು ಕೇಳಬೇಕು. ಭರತಪುರದಲ್ಲಿ ಆಗದೇ ಹೋದದ್ದು ಅದು.

ಸಲೀಂ ಅಲಿ ಕೊನೆಯವರೆಗೂ ಸುಮ್ಮನೆ ಕೂರಲಿಲ್ಲ. ಕೇರಳದ ಸೈಲೆಂಟ್ ವ್ಯಾಲಿ ಕಾಡು ಅಣೆಕಟ್ಟೆಗೆ ಬಲಿಯಾಗಬಾರದು ಅಂತ ದನಿ ಎತ್ತಿದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂತು. ವನ್ಯಜೀವಿ ಸಂರಕ್ಷಣೆಗೆ ಸಿಕ್ಕ ಗೆಟ್ಟಿ ಪ್ರಶಸ್ತಿಯ ಹಣವನ್ನು ಸೊಸೈಟಿಯ ಸಂರಕ್ಷಣಾ ನಿಧಿಗೆ ಕೊಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಬಂದ ಆತ್ಮಕತೆಗೆ ಇಟ್ಟ ಹೆಸರು ದಿ ಫಾಲ್ ಆಫ್ ಎ ಸ್ಪ್ಯಾರೋ. ಬಿದ್ದ ಆ ಹಳದಿ ಕತ್ತಿನ ಗುಬ್ಬಿಯನ್ನು ಅವರು ಮರೆಯಲಿಲ್ಲ. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ಬೊಂಬಾಯಿಯಲ್ಲಿ ತೀರಿಕೊಂಡರು.

1940ರಲ್ಲಿ ಒಬ್ಬರನ್ನು ಒಪ್ಪಿಸಿದರೆ ಸಾಕಿತ್ತು. ಈಗ ಅರಸರಿಲ್ಲ. ರಂಗನತಿಟ್ಟಿನ ಸುತ್ತಲ ಸೂಕ್ಷ್ಮ ವಲಯದಲ್ಲಿ ರೆಸಾರ್ಟ್‌ಗೆ ಅನುಮತಿ ಕೊಡಬೇಕೋ ಬೇಡವೋ, ಗುಂಡುತೋಪನ್ನು ಸೈಟ್ ಮಾಡಬೇಕೋ ಬೇಡವೋ, ಗೂಡಿನ ಕಾಲದಲ್ಲಿ ಗೇಟು ತೆಗೆಯುವ ಮುಂಚೆ ಅರಣ್ಯ ಇಲಾಖೆಯನ್ನು ಕೇಳಬೇಕೋ ಬೇಡವೋ ಅನ್ನೋದು ಪಂಚಾಯ್ತಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಗುತ್ತೆ. ಪ್ರತಿ ಗ್ರಾಮ ಪಂಚಾಯ್ತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತ 2002ರ ಕಾಯ್ದೆ ಹೇಳುತ್ತೆ. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ಅದು ಕೊನೇ ಸಲ ಸೇರಿದ್ದು ಯಾವಾಗ, ಊರಿನ ಜೀವವೈವಿಧ್ಯ ದಾಖಲೆ ಪುಸ್ತಕ ಎಲ್ಲಿದೆ ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಉತ್ತರ ಸಿಗದಿದ್ದರೆ ಆರ್‌ಟಿಐ ಹಾಕಿ. ಕೇಳಲು ಪದವಿ ಬೇಕಾಗಿಲ್ಲ.